ಗುಂಡಿಯ ನವಿಲು

ಬೆನಕಪ್ಪನ ಕಷ್ಟಕ್ಕೆಲ್ಲ ಅವನೇ ಬರೆಸಿಕೊಂಡ ಬೋರ್ಡು ಕಾರಣ. ಶಿಕಾರಿಪುರದ ಪೇಟೆ ಬೀದಿಯಲ್ಲಿ ಅವನದೊಂದು ದರ್ಜಿ ಅಂಗಡಿ. ಊರಿನ ಬೇರೆ ದರ್ಜಿಗಳಂತೆ ಬೋರ್ಡಿನ ಮೇಲೆ ತನ್ನ ಹೆಸರು ಬರೆಸಿ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವನಿಗೆ ತನ್ನ ಕೈಕೆಲಸದ ಮೇಲಿದ್ದ ಹೆಮ್ಮೆ ಅಷ್ಟಕ್ಕೆ ನಿಲ್ಲುವಂಥದಲ್ಲ. ಹೆಸರಿನ ಕೆಳಗೆ ಕೆಂಪು ಬಣ್ಣದಲ್ಲಿ, ‘ಬೆನಕಪ್ಪ ಹಾಕಿದ ಗುಂಡಿ ಬಿದ್ದರೆ, ಬೆನಕಪ್ಪ ಎಲ್ಲಿದ್ದರೂ, ನಿಂತ ಕಾಲಲ್ಲೇ, ಪುಕ್ಕಟೆ ಹಾಕಿಕೊಡುತ್ತಾನೆ’ ಎಂದು ಬರೆಸಿದ. ವರ್ಷಗಟ್ಟಲೆ ಆ ಮಾತನ್ನು ಪರೀಕ್ಷೆ ಮಾಡುವ ಪ್ರಸಂಗ ಬರಲಿಲ್ಲ. ಅವನು ಹಾಕಿದ ಗುಂಡಿ ಬೀಳುತ್ತಲೇ ಇರಲಿಲ್ಲ. ಅಂಗಿ ಹರಿದು ಮಸಿಬಟ್ಟೆಯಾಗಿ ಒಲೆಯ ಪಕ್ಕ ಸೇರಿದರೂ ಗುಂಡಿ ಅದನ್ನು ಬಿಡುತ್ತಿರಲಿಲ್ಲ.

ಇಂಥ ಬೆನಕಪ್ಪನಿಗೆ ಇದ್ದ ಕೊರಗು ಒಂದೇ, ಸೊರಬದ ಅವನ ಅತ್ತೆ ದ್ಯಾಮಮ್ಮ. ಆಕೆ ಗಂಟು ಕುಪ್ಪಸದ ಕಾಲದ ಹೆಂಗಸು. ಕುಪ್ಪಸದ ಎರಡು ತುದಿ ಎಳೆದು ಎದೆಯ ಮೇಲೆ ಗಂಟು ಬಿಗಿದುಕೊಂಡೇ ತಲೆ ಹಣ್ಣಾದವಳು. ಜನ್ಮದಲ್ಲಿ ಮೈಮೇಲೆ ಒಂದು ಗುಂಡಿ ಕಂಡವಳಲ್ಲ. ಮದುವೆಯ ಮಾತುಕತೆಯ ದಿನವೇ, “ಹುಡುಗ ಗುಂಡಿ ಹಾಕ್ತಾನಾ? ಒಂದು ಗಂಟು ಹಾಕ್ಕೊಂಡ್ರೆ ಮುಗೀತಪ್ಪ, ಅದಕ್ಕೊಬ್ಬ ಆಳು ಬೇಕಾ?” ಎಂದು ನಾಲ್ಕು ಜನರೆದುರು ಕೇಳಿದ್ದಳು. ಬೆನಕಪ್ಪ ಅದನ್ನು ಮರೆತಿರಲಿಲ್ಲ. ಮರೆಯೋಣವೆಂದರೆ ದ್ಯಾಮಮ್ಮ ಬಿಡುತ್ತಲೂ ಇರಲಿಲ್ಲ.

ಆಕೆಯ ಮನೆಯಲ್ಲಿ ಹಬ್ಬದ ದಿನ ಪಡಸಾಲೆಯಲ್ಲಿ ಅಳಿಯಂದಿರನ್ನು ಸಾಲಾಗಿ ಕೂರಿಸಿ ಬಡಿಸುವುದು ಪದ್ಧತಿ. ಸಾಲಿನ ನಡುವೆ ಹಿತ್ತಾಳೆ ಕಟ್ಟಿನ ದೊಡ್ಡ ಮಣೆ. ಅದು ಕುಪ್ಪಗಡ್ಡೆಯ ಅಡಿಕೆ ವ್ಯಾಪಾರಿ, ದೊಡ್ಡಳಿಯ ಪರಮಶಿವಪ್ಪನದು. ಹೋಳಿಗೆ, ತುಪ್ಪ, ಉಪಚಾರದ ಮಾತು ಎಲ್ಲವೂ ಮೊದಲು ನಡುಮಣೆಗೆ. ಬೆನಕಪ್ಪನ ಮಣೆ ಬಾಗಿಲ ಪಕ್ಕ. ಯಾರು ಒಳಗೆ ಬಂದರೂ ಹೊರಗೆ ಹೋದರೂ ಎಲೆಯ ಮುಂದಿನಿಂದ ಎದ್ದು ದಾರಿ ಬಿಡಬೇಕು. ಎದ್ದು ಕೂತು, ಎದ್ದು ಕೂತು ಅವನಿಗೆ ಹಬ್ಬದೂಟವೆಂದರೆ ಗರಡಿಮನೆಯ ಕಸರತ್ತಾಗಿಬಿಟ್ಟಿತ್ತು. ಎಂದಾದರೂ ಒಂದು ದಿನ ಆ ನಡುಮಣೆಯ ಮೇಲೆ ಕೂತು ಉಣ್ಣಬೇಕು ಎಂಬುದೊಂದೇ ಅವನ ಆಸೆ.

ಕನ್ನಡ ನಾಡೆಲ್ಲ ಒಂದೇ ರಾಜ್ಯವಾಗಿ ಒಂದೆರಡು ವರ್ಷ ಕಳೆದಿದ್ದ ಕಾಲ. ಎಲ್ಲಿ ನೋಡಿದರೂ ಯೋಜನೆ, ಭಾಷಣ, ಪ್ರದರ್ಶನ. ಸೊರಬದ ಶಾಲೆಯಲ್ಲೂ ಕೈಕೆಲಸಗಳ ವಸ್ತುಪ್ರದರ್ಶನ ನಡೆಯುತ್ತದೆ, ಮೊದಲ ಬಹುಮಾನವನ್ನು ಬ್ಲಾಕಿನ ಸಾಹೇಬರೇ ಸಭೆಯಲ್ಲಿ ಕೊಡುತ್ತಾರೆ ಎಂದು ಡಂಗುರ ಬಂತು. ಬೆನಕಪ್ಪ ಕತ್ತರಿ ಕೆಳಗಿಟ್ಟ. ಊರಿಗೆ ಊರೇ ಸೇರುವ ಆ ಸಭೆಗೆ ದ್ಯಾಮಮ್ಮ ಬಾರದೆ ಇರುತ್ತಾಳೆಯೇ? ಅಲ್ಲಿ, ಆಕೆಯ ಕಣ್ಣೆದುರೇ, ಗುಂಡಿಯಿಂದಲೇ ಬಹುಮಾನ ಹೊಡೆದು ನಡುಮಣೆ ಗೆಲ್ಲಬೇಕು ಎಂದು ತೀರ್ಮಾನಿಸಿದ.

ಕರಿ ಮಖಮಲ್ಲು ಬಿಗಿದ ಹಲಗೆಯ ಮೇಲೆ ಗುಂಡಿಗಳ ನವಿಲೊಂದು ಗರಿಬಿಚ್ಚಿತು. ಕತ್ತಿಗೆ ನೀಲಿ ಗಾಜಿನ ಗುಂಡಿ, ಎದೆಗೆ ಕಪ್ಪೆಚಿಪ್ಪಿನ ಹೊಳೆಯುವ ಗುಂಡಿ, ಗರಿಗಳ ತುಂಬ ಹಸಿರು ಮತ್ತು ಹಿತ್ತಾಳೆಯ ಗುಂಡಿ, ಕಾಲಿಗೆ ಕಂದು ಬಣ್ಣದ ಕೊಂಬಿನ ಗುಂಡಿ. ಕಣ್ಣಿಗೆ ಹಾಕಿದ್ದಂತೂ ಜೋಡಿಯಿಲ್ಲದ ಗುಂಡಿ. ಹಿಂದೊಮ್ಮೆ ಊರಿನಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯ ರಾಜನ ಕೋಟಿನದು, ದಾಳಿಂಬೆ ಬೀಜದಂತೆ ಕೆಂಪಗೆ ಹೊಳೆಯುತ್ತಿತ್ತು. ನವಿಲು ಮುಗಿದ ದಿನ ಬೆನಕಪ್ಪ ಅದನ್ನು ಗೋಡೆಗೆ ಒರಗಿಸಿ, ದೂರ ನಿಂತು, ಹತ್ತಿರ ಕೂತು, ಕಿಟಕಿಯಾಚೆಯಿಂದ ಇಣುಕಿ ಹೀಗೆ ನಾನಾ ಬಗೆಯಲ್ಲಿ ನೋಡಿ, “ನಾನೇ ಮಾಡಿದ್ದು” ಎಂದು ತನಗೆ ತಾನೇ ಹೇಳಿಕೊಂಡ.

ಈ ಕೆಲಸದಲ್ಲಿ ಅವನಿಗೆ ಎರಡು ತೊಂದರೆಗಳಿದ್ದವು. ಒಂದು, ಡಬ್ಬದಲ್ಲಿದ್ದ ಒಳ್ಳೊಳ್ಳೆಯ ಗುಂಡಿಗಳು ಇದ್ದಕ್ಕಿದ್ದಂತೆ ಕಡಮೆಯಾಗುತ್ತಿದ್ದವು. “ಇಲಿ ಇರಬೇಕ್ರಿ,” ಎಂದಳು ಹೆಂಡತಿ ಜಗದಾಂಬ. ಬೆನಕಪ್ಪ ಇಲಿಬೋನು ತಂದು ಕೊಬ್ಬರಿ ಚೂರು ಸಿಕ್ಕಿಸಿಟ್ಟ. ಅದರಲ್ಲಿ ಅವನ ಬೆರಳು ಸಿಕ್ಕಿತು, ಇಲಿ ಸಿಗಲಿಲ್ಲ. ಎರಡನೆಯದು ದಾರದ ತೊಂದರೆ. ಗಟ್ಟಿ ದಾರವೆಲ್ಲ ನವಿಲಿಗೇ ಹೋಯಿತು. ಗಮನವೂ ಅದರ ಮೇಲೇ. ಹೀಗಾಗಿ ಆ ದಿನಗಳಲ್ಲಿ ಹೊಲಿದ ಗಿರಾಕಿಗಳ ಬಟ್ಟೆಗೆಲ್ಲ ಯಾವುದೋ ಮೂಲೆಯಲ್ಲಿದ್ದ ಲಡ್ಡು ಹಿಡಿದ ಹಳೇ ದಾರದಲ್ಲಿ ಎರಡು ಸುತ್ತು ಸುತ್ತಿ ಗುಂಡಿ ಹಾಕಿ ಕಳಿಸಿದ್ದ. ಯಾರ ಕಣ್ಣಿಗೂ ಬೀಳಲಿಲ್ಲವಲ್ಲ ಎಂದು ಸಮಾಧಾನವಾಗಿದ್ದ.

“ಅವ್ವಗೆ ಮೊಣಕಾಲು ನೋವಂತ್ರಿ, ನಾನು ಮುಂದೆ ಹೋಗಿರ್ತೀನಿ,” ಎಂದು ಜಗದಾಂಬ ಪ್ರದರ್ಶನದ ಹಿಂದಿನ ದಿನವೇ ತವರಿಗೆ ಹೋದಳು. ಮಾರನೆಯ ಬೆಳಿಗ್ಗೆ ಬೆನಕಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರೂಢಿಯಂತೆ ಕಾಲರಿನ ಹಿಂದೆ ಸೂಜಿ ಸಿಕ್ಕಿಸಿಕೊಂಡು, ನವಿಲನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ ಸೊರಬದ ಬಸ್ಸು ಹತ್ತಿದ. ಪಕ್ಕದಲ್ಲಿ ವೀರಬಸಪ್ಪ ಬಂದು ಕೂತ. ಎದುರಂಗಡಿಯ ದಿನಸಿ ವ್ಯಾಪಾರಿ. ತನ್ನ ಅಂಗಡಿಯ ಬೆಲ್ಲಕ್ಕೆ ಇರುವೆ ಮುತ್ತಿದರೂ ಏಳದ ಮನುಷ್ಯ ಬೇರೆಯವರ ಕೆಲಸವೆಂದರೆ ಓಡೋಡಿ ಬರುತ್ತಿದ್ದ.

“ಅದೇನ್ರಿ ಬೆನಕಪ್ಪ, ಬಾಣಂತಿ ಕೂಸು ಸುತ್ತಿದಂಗೆ ಸುತ್ಕೊಂಡೀರಿ? ಬಿಚ್ಚಿ ತೋರಿಸ್ರಿ, ನಾಕು ಜನ ನೋಡ್ಲಿ.”

ಬೆನಕಪ್ಪನಿಗೂ ಬೇಕಾಗಿದ್ದು ಅದೇ. ದುಪ್ಪಟಿ ಸರಿಸಿದ. ಕಿಟಕಿಯ ಬಿಸಿಲು ಬಿದ್ದು ನವಿಲು ಝಗ್ಗೆಂದಿತು. ಬಸ್ಸಿನವರೆಲ್ಲ ಎದ್ದುನಿಂತರು. “ಏನ್ ಕೈಯಪ್ಪ ಇದು,” ಎಂದು ಹಿಂದಿನ ಸೀಟಿನ ಮುದುಕನೊಬ್ಬ ಬೆನಕಪ್ಪನ ಕೈಯನ್ನೇ ಕಣ್ಣಿಗೊತ್ತಿಕೊಂಡ. ಕಂಡಕ್ಟರ್ ಸಣ್ಣಬೀರಪ್ಪನೂ ನೋಡುತ್ತಾ ನಿಂತವನು ಯಾರೋ ಇಳಿಯಬೇಕೆಂದದ್ದಕ್ಕೆ ಕೈಯೆತ್ತಿ ಗಂಟೆಯ ಹಗ್ಗ ಜಗ್ಗಿದ. ಅವನ ಖಾಕಿ ಕೋಟಿನ ಗುಂಡಿ ಟಪ್ಪೆಂದು ಹಾರಿ, ವೀರಬಸಪ್ಪನ ಕೆನ್ನೆಗೆ ತಾಗಿ, ಬಸ್ಸಿನ ತಳದ ತೂತಿನಲ್ಲಿ ರಸ್ತೆಯ ಪಾಲಾಯಿತು.

“ಬೆನಕಪ್ಪಣ್ಣ, ಈ ಕೋಟು ನೀನೇ ಹೊಲಿದಿದ್ದಲ್ವಾ? ಹೋದ ತಿಂಗಳು?” ಸಣ್ಣಬೀರಪ್ಪ ಎದೆ ಮುಟ್ಟಿ ನೋಡಿಕೊಂಡ.

“ನಾನೇ ಕಣಪ್ಪ. ನಾಳೆ ಅಂಗಡಿಗೆ ಬಾ, ಹಾಕ್ಕೊಡ್ತೀನಿ.”

“ನಾಳೆ ಅಂತ ಬೋರ್ಡಿನಾಗೆ ಬರ್ದಿಲ್ರಿ,” ಎಂದ ವೀರಬಸಪ್ಪ ಕೆನ್ನೆ ಉಜ್ಜಿಕೊಳ್ಳುತ್ತಾ. “ಎಲ್ಲಿದ್ದರೂ, ನಿಂತ ಕಾಲಲ್ಲೇ ಅಂತ ಐತೆ. ನನ್ನ ಅಂಗಡಿ ಎದ್ರಿಗೇ ಐತಲ್ಲ, ದಿನಾ ಓದ್ತೀನಿ.”

“ನಾನೀಗ ಕೂತೀನಲ್ಲ ವೀರಬಸಪ್ಪ.”

“ಹಂಗಾರೆ ಎದ್ದು ನಿಂತ್ಕೊಳ್ರಿ. ತೊಡೆ ತುಂಬ ಗುಂಡಿ ಇಟ್ಕೊಂಡು ಇಲ್ಲ ಅಂತಾರೇನ್ರಿ? ಮಾತು ಅಂದ್ಮ್ಯಾಲೆ ಮಾತು.”

ಬಸ್ಸಿನವರೆಲ್ಲ ಬೆನಕಪ್ಪನ ಮುಖ ನೋಡಿದರು. ಮಾತಿಗೆ ತಪ್ಪಿದ ಎನ್ನಿಸಿಕೊಳ್ಳುವ ಜಾಯಮಾನ ಅವನದಲ್ಲ. ಗರಿಯ ತುದಿಯಿಂದ ಒಂದು ಹಿತ್ತಾಳೆ ಗುಂಡಿ ಕಿತ್ತು ಕಂಡಕ್ಟರನ ಎದೆಗೆ ಹೊಲಿದ. “ಇದು ಮೊದ್ಲಿಂದಕ್ಕಿಂತ ಚಂದ ಐತಲ್ಲಣ್ಣ,” ಎಂದು ಸಣ್ಣಬೀರಪ್ಪ ಹಿಗ್ಗಿದ. ಬೆನಕಪ್ಪನೂ ಸ್ವಲ್ಪ ಹಿಗ್ಗಿದ. ಅಷ್ಟು ಗುಂಡಿಗಳಲ್ಲಿ ಒಂದು ಹೋದರೆ ಯಾರಿಗೆ ತಿಳಿಯುತ್ತದೆ ಎಂದುಕೊಂಡ. ಅಷ್ಟರಲ್ಲಿ ಮುಂದಿನ ಸೀಟಿನಿಂದ ಒಬ್ಬ ಹೊಸ ಅಂಗಿಯ ತೋಳು ಚಾಚಿದ. ಅವನ ಹಿಂದೆ ಇನ್ನೊಬ್ಬ ಮೊಮ್ಮಗನ ಜುಬ್ಬ ಹಿಡಿದು ಬಂದ. ಎಲ್ಲವೂ ಬೆನಕಪ್ಪನೇ ಹೊಲಿದವು, ಲಡ್ಡು ದಾರದವು.

ಶಿರಾಳಕೊಪ್ಪದಲ್ಲಿ ಬಸ್ಸು ಚಹಾಕ್ಕೆ ನಿಂತಾಗ ವೀರಬಸಪ್ಪ ಕೆಳಗಿಳಿದು ಸುಮ್ಮನೆ ಚಹಾ ಕುಡಿಯಬಹುದಿತ್ತು. ಅವನು ಹೋಟೆಲಿನ ತುಂಬ ಬೋರ್ಡಿನ ಮಾತು ಹೇಳಿದ. ಬೆನಕಪ್ಪನ ಹತ್ತಿರ ಹೊಲಿಸಿದವರು ಬಂದರು, ಹೊಲಿಸಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದವರೂ ಬಂದರು.

“ಇದು ನಾನು ಹಾಕಿದ ಗುಂಡಿ ಅಲ್ವಲ್ಲಪ್ಪ,” ಎಂದ ಬೆನಕಪ್ಪ ಒಬ್ಬನ ಅಂಗಿ ತಿರುವಿ ನೋಡಿ.

“ಹೆಂಗೆ ಹೇಳ್ತೀರಿ? ಗುಂಡೀನೇ ಇಲ್ವಲ್ಲ ಅಲ್ಲಿ,” ಎಂದ ಆತ.

ಬೆನಕಪ್ಪ ಸೂಜಿಗೆ ದಾರ ಪೋಣಿಸಿದ. ಅದಲ್ಲದೆ ಹಾಕಿಸಿಕೊಂಡವರೆಲ್ಲ, “ಏನ್ ಗುಂಡಿರಿ ಇದು, ಒಡವೆ ಇಟ್ಟಂಗಾತು” ಎಂದು ಎದೆ ನೋಡಿಕೊಳ್ಳುತ್ತಾ ಹೋಗುತ್ತಿದ್ದರು. ಅದನ್ನು ಕೇಳಿ ಇಲ್ಲ ಎನ್ನಲು ಬೆನಕಪ್ಪನಿಗೆ ಬಾಯಿ ಬರುತ್ತಿರಲಿಲ್ಲ. ಈ ಸಲ ಗಟ್ಟಿ ದಾರದಲ್ಲೇ, ನವಿಲಿನಿಂದ ಬಿಚ್ಚಿದ ದಾರದಲ್ಲೇ, ಒಳ್ಳೇ ನಾಲ್ಕು ಸುತ್ತು ಸುತ್ತಿ ಹಾಕಿದ. ಬಸ್ಸು ಸೊರಬ ಮುಟ್ಟುವ ವೇಳೆಗೆ ನವಿಲಿಗೆ ಗರಿ ಇರಲಿಲ್ಲ.

ಶಾಲೆಯ ಬಾಗಿಲಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಗುಮಾಸ್ತರು ಹಲಗೆಯನ್ನು ಒಮ್ಮೆ, ಬೆನಕಪ್ಪನನ್ನು ಒಮ್ಮೆ ನೋಡಿದರು.

“ಎಂತ ಇದು? ಕೋಳಿಯಾ?”

“ನವಿಲು ಸ್ವಾಮಿ.”

“ಗರಿ ಎಲ್ಲಿ ಮಾರಾಯ್ರೆ?”

ಬೆನಕಪ್ಪ ಹಲಗೆಯನ್ನು ಇನ್ನಷ್ಟು ನೇರ ಹಿಡಿದು, “ಹೆಣ್ಣು ನವಿಲು,” ಎಂದ. ಗುಮಾಸ್ತರು ಹಾಗೇ ಬರೆದುಕೊಂಡರು. ನಿಜ ಹೇಳಬೇಕೆಂದರೆ ಹೆಣ್ಣು ನವಿಲಾಗಿ ಅದು ಚೆನ್ನಾಗಿಯೇ ಇತ್ತು. ಕತ್ತು ಕೊಂಕಿಸಿ, ಕೆಂಪು ಕಣ್ಣು ಹೊಳೆಯಿಸುತ್ತಾ ನಿಂತ ಅದನ್ನು ಗಂಡಸರ ಕೋಣೆಯಲ್ಲಿ ಮೊಳೆಗೆ ತೂಗುಹಾಕಿದಾಗ ಬೆನಕಪ್ಪನಿಗೆ ಧೈರ್ಯ ಬಂತು. ಸುತ್ತ ಇದ್ದದ್ದು ಬೆತ್ತದ ಬುಟ್ಟಿ, ಮರದ ಸೌಟು, ಹಗ್ಗದ ನೆಲುವು. ಹೆಂಗಸರ ಕೋಣೆಗೆ ಪರದೆ ಬಿಟ್ಟಿದ್ದರು. ಸಾಹೇಬರು ನೋಡುವ ತನಕ ಗಂಡಸರಿಗೆ ಅಲ್ಲಿ ಪ್ರವೇಶವಿಲ್ಲ ಎಂದು ಗ್ರಾಮಸೇವಿಕೆ ಅಡ್ಡ ನಿಂತಿದ್ದಳು. ಅಲ್ಲೇನಿರುತ್ತದೆ, ಹೆಚ್ಚೆಂದರೆ ಹಪ್ಪಳ, ಸಂಡಿಗೆ ಎಂದುಕೊಂಡ ಬೆನಕಪ್ಪ.

ಹೊರಗೆ ಜೀಪು ಬಂದು ನಿಂತಿತು. ಸಾಹೇಬರು ಇಳಿಯಲು ಒಂದು ಕಾಲು ಕೆಳಗಿಟ್ಟವರು ಇನ್ನೊಂದನ್ನು ಇಡಲಿಲ್ಲ. ಎರಡು ಕೈಯಲ್ಲೂ ಸೊಂಟ ಹಿಡಿದುಕೊಂಡು ಅಲ್ಲೇ ನಿಂತರು. ಹಾರ ಹಿಡಿದು ಬಂದವರಿಗೆ ಕೈ ಮುಗಿಯಲಿಲ್ಲ, ತಲೆಯನ್ನಷ್ಟೇ ಆಡಿಸಿದರು. ಹಿಂದಿನ ತಿಂಗಳು ಶಿಕಾರಿಪುರದಲ್ಲಿ ಮೊಕ್ಕಾಂ ಮಾಡಿದ್ದಾಗ ಅವರು ಹೊಲಿಸಿಕೊಂಡ ಪ್ಯಾಂಟು ಅದು. ಎಲ್ಲಿ ಹೊಲಿಸಿದರು ಎಂದು ಬೇರೆ ಹೇಳಬೇಕಾಗಿಲ್ಲ.

“ಯೋಚನೆ ಬ್ಯಾಡ್ರಿ ಸಾಹೇಬ್ರೆ, ಇಲ್ಲೇ ಅದಾನೆ,” ಎಂದು ವೀರಬಸಪ್ಪ ಅವರನ್ನು ಸೀದಾ ಬೆನಕಪ್ಪನ ಬಳಿಗೆ ಕರೆತಂದ. “ಎಲ್ಲಿದ್ದರೂ ಹಾಕ್ತಾನೆ.”

ಕರಿಹಲಗೆಯ ಮರೆಯಲ್ಲಿ ಸಾಹೇಬರು ನಿಂತರು, ಬೆನಕಪ್ಪ ಮೊಣಕಾಲೂರಿದ. ಪ್ಯಾಂಟಿಗೆ ಒಪ್ಪುವ ಗುಂಡಿ ಎಂದರೆ ನವಿಲಿನ ಕಾಲಿನವೇ.

“ಸೂಜಿ ಹುಷಾರಪ್ಪ,” ಎಂದರು ಸಾಹೇಬರು ಉಸಿರು ಬಿಗಿಹಿಡಿದು. ಒಂದನ್ನು ಹಾಕಿದ ಮೇಲೆ, “ಅದರ ಕೆಳಗಿಂದೂ ಸಡಿಲ ಇದೆ, ಅದನ್ನೂ ಈಗಲೇ ಹಾಕಿಬಿಡು. ಭಾಷಣ ಉದ್ದ ಇದೆ” ಎಂದರು. ಎರಡೂ ಕಾಲು ಹೋದವು. ಹೋಗುವಾಗ ಅವರು ಬೆನಕಪ್ಪನ ಬೆನ್ನು ತಟ್ಟಿ, “ನಿನ್ನ ಉಪಕಾರ ಮರೆಯೋದಿಲ್ಲ” ಎಂದದ್ದು ಮಾತ್ರ ಅವನ ಕಿವಿಗೆ ಓಲಗದಂತೆ ಕೇಳಿಸಿತು. ಬಹುಮಾನ ಕೊಡುವವರೇ ಹಾಗೆಂದ ಮೇಲೆ ಇನ್ನೇನು? ಗುಮಾಸ್ತರ ಬಳಿ ಹೋಗಿ, “ಕೂತಿರುವ ಹೆಣ್ಣು ನವಿಲು ಅಂತ ತಿದ್ದಿಬಿಡ್ರಿ,” ಎಂದ.

ಸಭೆ ಶುರುವಾಗಬೇಕು ಅನ್ನುವಾಗ ಜಗದಾಂಬ ಸೆರಗು ಬಿಗಿದುಕೊಂಡು ಓಡಿಬಂದಳು.

“ರೀ, ಒಂದು ಗುಂಡಿ ಬೇಕಾಗಿತ್ರಿ. ಅವ್ವನ ಕುಪ್ಪಸದ ಗುಂಡಿ ಕಿತ್ತು ಹೋಗೈತೆ. ಹಿಂಗೇ ಜನದ ಮುಂದೆ ಹೆಂಗ್ರಿ ಕೂರ್ತಾಳೆ?”

ಬೆನಕಪ್ಪನ ಕೈ ತಾನಾಗಿ ಹಲಗೆಗೆ ಹೋಯಿತು. “ನೀಲಿ ಕೊಡ್ಲಾ?”

“ಬ್ಯಾಡ್ರಿ. ಆ ಕೆಂಪಂದೇ ಆಗಬೇಕಂತೆ. ಸೀರೆ ಅಂಚು ಕೆಂಪು.”

ನವಿಲಿನ ಕಣ್ಣು ಕೀಳುವುದೆಂದರೆ ಬೆನಕಪ್ಪನಿಗೆ ತನ್ನ ಕಣ್ಣೇ ಕಿತ್ತಂತೆ. ಆದರೆ ಕೇಳಿದವಳು ಯಾರು? ಗುಂಡಿ ಯಾಕೆ ಬೇಕು ಎಂದಿದ್ದ ದ್ಯಾಮಮ್ಮ. ಆಕೆಯೇ ಇಂದು ಅಳಿಯನ ಗುಂಡಿಗಾಗಿ ಆಳು ಕಳಿಸಿದ್ದಾಳೆ. ಬೆನಕಪ್ಪನಿಗೆ ನಡುಮಣೆಯ ಹಿತ್ತಾಳೆ ಕಟ್ಟು ಕಣ್ಣೆದುರೇ ಹೊಳೆಯಿತು. ಕತ್ತರಿಸಿ ಕೊಟ್ಟ. “ನಾನೇ ಬಂದು ಹಾಕ್ಕೊಡ್ಲಾ?” ಎಂದೂ ಕೇಳಿದ.

“ಅಯ್ಯೋ, ಸುಮ್ನಿರ್ರಿ. ಅತ್ತೆ ಕುಪ್ಪಸಕ್ಕೆ ಅಳಿಯ ಗುಂಡಿ ಹಾಕ್ತಾರೇನ್ರಿ,” ಎಂದು ಜಗದಾಂಬ ಗುಂಡಿ ಮುಷ್ಟಿಯಲ್ಲಿ ಹಿಡಿದು ಪರದೆಯ ಹಿಂದೆ ಮಾಯವಾದಳು.

ಬೆನಕಪ್ಪ ಮತ್ತೆ ಗುಮಾಸ್ತರ ಬಳಿಗೆ ಹೋದ. “ನಿದ್ದೆ ಮಾಡ್ತಾ ಕೂತಿರುವ ಹೆಣ್ಣು ನವಿಲು,” ಎಂದ. ಗುಮಾಸ್ತರು ಅವನನ್ನೇ ನೋಡಿ, “ಇನ್ನು ಸ್ವಲ್ಪ ಹೊತ್ತಿಗೆ ಹಾರಿಹೋಯ್ತು ಅಂತೀರಿ, ಹೋಗಿ ಕೂತ್ಕೊಳಿ” ಎಂದರು.

ಸಾಹೇಬರು ಎಲ್ಲವನ್ನೂ ನೋಡಿ ಬಂದು ಭಾಷಣಕ್ಕೆ ನಿಂತರು. ಬೆನಕಪ್ಪ ವೀರಬಸಪ್ಪನ ಪಕ್ಕ ಕೂತು ಸಭೆಯ ಮೇಲೆ ಕಣ್ಣಾಡಿಸಿದ. ನೋಡುತ್ತಾ ನೋಡುತ್ತಾ ಅವನ ಎದೆ ತುಂಬಿ ಬಂತು. ಬಾಗಿಲ ಬಳಿ, ಬಸ್ಸು ನಿಲ್ಲಿಸಿ ನೋಡಲು ಬಂದಿದ್ದ ಕಂಡಕ್ಟರನ ಕೋಟಿನಲ್ಲಿ ಹಿತ್ತಾಳೆ ಗುಂಡಿ ಮಿಂಚುತ್ತಿತ್ತು. ಅಲ್ಲೊಂದು ತೋಳಿನಲ್ಲಿ ಹಸಿರು, ಇಲ್ಲೊಂದು ಜುಬ್ಬದಲ್ಲಿ ಹಿತ್ತಾಳೆ, ವೇದಿಕೆಯ ಮೇಲೆ ಸಾಹೇಬರ ಸೊಂಟದಲ್ಲಿ ಕಂದು. ಅವನ ನವಿಲು ಗೋಡೆ ಬಿಟ್ಟು ಬಂದು ಇಡೀ ಸಭೆಯಲ್ಲಿ ಗರಿಬಿಚ್ಚಿ ಕೂತಿತ್ತು. ಸಾಹೇಬರು ಆವೇಶದಲ್ಲಿ ಕೈ ಬೀಸಿ, ಬಗ್ಗಿ, ಮೇಜು ಗುದ್ದಿ ಮಾತಾಡಿದರೂ ಒಂದು ಗುಂಡಿಯೂ ಅಲ್ಲಾಡಲಿಲ್ಲ.

“ಈಗ ಮೊದಲ ಬಹುಮಾನ,” ಎಂದರು ಸಾಹೇಬರು. “ಅಂಗಿಗೆ ಹಾಕುವ ಗುಂಡಿಯಲ್ಲಿ ಇಂಥ ಅಲಂಕಾರ ಮಾಡಬಹುದು ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಬಹುಮಾನ ಗುಂಡಿಯ ಕೆಲಸಕ್ಕೆ.”

“ಏಳ್ರಿ, ಏಳ್ರಿ,” ಎಂದು ವೀರಬಸಪ್ಪ ತಿವಿದ. ಬೆನಕಪ್ಪ ಆಗಲೇ ಎದ್ದಿದ್ದ. ದಾರಿಯಲ್ಲಿ ಗುಂಡಿ ಹಾಕಿಸಿಕೊಂಡು ಬಂದವರೆಲ್ಲ ಚಪ್ಪಾಳೆ ಹೊಡೆದರು. ಅವನು ಎರಡು ಹೆಜ್ಜೆ ಮುಂದಿಟ್ಟ.

“ಇದೇ ಊರಿನ ದ್ಯಾಮಮ್ಮನವರ ಗುಂಡಿ ಆಭರಣಗಳಿಗೆ.”

ಗ್ರಾಮಸೇವಿಕೆ ಪರದೆ ಸರಿಸಿ ದೊಡ್ಡ ಹಿತ್ತಾಳೆ ತಾಂಬಾಳ ಹಿಡಿದು ಬಂದಳು. ಅದರಲ್ಲಿ ಒಂದು ಕಂಠಿಹಾರ, ಒಂದು ಜೊತೆ ಓಲೆ, ಸೊಂಟಕ್ಕೊಂದು ಡಾಬು. ಎಲ್ಲವೂ ಗುಂಡಿಯವೇ. ನಡುಸಭೆಯಲ್ಲಿ ನಿಂತಿದ್ದ ಬೆನಕಪ್ಪನಿಗೆ ಒಂದೊಂದು ಗುಂಡಿಯ ಗುರುತೂ ಸಿಕ್ಕಿತು. ಅವನ ಡಬ್ಬದ ಚಿಪ್ಪಿನ ಗುಂಡಿ, ಅವನ ಡಬ್ಬದ ಗಾಜಿನ ಗುಂಡಿ. ಹಾರದ ನಟ್ಟನಡುವೆ ಪದಕದಲ್ಲಿ ನವಿಲಿನ ಕೆಂಪು ಕಣ್ಣು ಅವನನ್ನೇ ದುರುಗುಟ್ಟಿ ನೋಡುತ್ತಿತ್ತು. ಹಿಂದಿನಿಂದ ದ್ಯಾಮಮ್ಮ ಬಂದಳು, ಮೊಣಕಾಲು ನೋವಿನ ಸುಳಿವೂ ಇಲ್ಲದೆ. ಎದೆಯ ಮೇಲೆ ಎಂದಿನಂತೆ ಕುಪ್ಪಸದ ಗಂಟು. ದರ್ಜಿಯಾಗಿ, ಅದೂ ಇಷ್ಟು ವರ್ಷದ ಅಳಿಯನಾಗಿ, ಆ ಕುಪ್ಪಸಕ್ಕೆ ಗುಂಡಿಯೇ ಇಲ್ಲ ಎಂಬುದು ತನಗೆ ಹೊಳೆಯಲಿಲ್ಲವಲ್ಲ ಎಂದು ಬೆನಕಪ್ಪ ಹಣೆ ಚಚ್ಚಿಕೊಂಡ. ಹೆಂಡತಿಯ ಕಡೆ ನೋಡಿದ. ಜಗದಾಂಬ ಶಾಲೆಯ ಹೆಂಚು ನೋಡುತ್ತಿದ್ದಳು.

ಎರಡು ಮಾತಾಡಿ ಎಂದರು ಸಾಹೇಬರು. ದ್ಯಾಮಮ್ಮ ಸೆರಗು ಸರಿಮಾಡಿಕೊಂಡಳು.

“ನಾನೆಂತ ಮಾತಾಡ್ಲಿ? ಗುಂಡಿ ಎಲ್ಲಾ ನಮ್ಮ ಸಣ್ಣಳಿಯಂದ್ರದು. ಅಗೋ, ಅಲ್ಲಿ ನಿಂತಿದಾರಲ್ಲ, ಅವ್ರೇ. ಇಂಥ ಗುಂಡಿ ಈ ಸೀಮೇಲಿ ಬೇರೆಲ್ಲೂ ಸಿಗಲ್ಲ. ಹೊಲ್ದಿದ್ದು ಮಾತ್ರ ನಾನು. ಅದಕ್ಕೇ ಒಂದೂ ಬಿದ್ದಿಲ್ಲ.”

ಸಭೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ವೀರಬಸಪ್ಪ ನಕ್ಕ. ಬೆನಕಪ್ಪನಿಗೆ ನಾಚಿಕೆಯಾಗಬೇಕಿತ್ತು, ಸಿಟ್ಟೂ ಬರಬೇಕಿತ್ತು. ಆದರೆ ಊರೆಲ್ಲ ಸೇರಿದ ಸಭೆಯಲ್ಲಿ ದ್ಯಾಮಮ್ಮ ಬೆರಳು ಮಾಡಿ ತೋರಿಸಿದ್ದು ಪರಮಶಿವಪ್ಪನನ್ನಲ್ಲ, ತನ್ನನ್ನು ಎಂಬುದೇ ಮೊದಲು ತಲೆಗೆ ಹೋಗಿ, ಅವನು ಸುತ್ತ ತಿರುಗಿ ಎಲ್ಲರಿಗೂ ಕೈ ಮುಗಿದ. ಉಪಕಾರ ಮರೆಯದ ಸಾಹೇಬರು ಕೊನೆಗೆ ಅವನನ್ನೂ ಕರೆದು, ‘ಮಲಗಿರುವ ಕೋಳಿ’ಯ ಚಿತ್ರಕ್ಕೆ ಮೆಚ್ಚುಗೆಯ ಬಹುಮಾನವೆಂದು ಒಂದು ಉಂಡೆ ಗಟ್ಟಿ ದಾರ ಕೊಟ್ಟರು.

“ನೀವು ಎಷ್ಟು ಚಂದ ಗುಂಡಿ ಆರಿಸ್ತೀರಿ ಅಂತ ಅವ್ವಗೆ ತೋರ್ಸಾಕೆ ಮೊದ್ಲು ಒಂದೇ ಹಿಡಿ ಒಯ್ದಿದ್ದೆ ರೀ,” ಎಂದಳು ಜಗದಾಂಬ ತವರಿನ ದಾರಿಯಲ್ಲಿ, ಅವನ ಮುಖ ನೋಡದೆ. “ವಾಪಸ್ ಕೊಡ್ಲಿಲ್ಲ. ಇನ್ನೊಂದು ಹಿಡಿ ತಾ ಅಂದ್ಲು. ಇವತ್ತು ಪದಕದ ಗುಂಡಿ ಕೈಜಾರಿ ಒಡೀತು. ನಾನೇನ್ ಮಾಡ್ಲಿ, ಆಕಿ ನನ್ನ ಅವ್ವ, ನೀವು ನನ್ನ ಗಂಡ.”

ಬೆನಕಪ್ಪನಿಗೆ ಬಯ್ಯಬೇಕೆನ್ನಿಸಿತು. ಆದರೆ ಇದಿರಿಗೆ ಬಂದವರೆಲ್ಲ, “ಇವ್ರೇ ಕಣೋ ಗುಂಡಿಯವರು” ಎಂದು ಕೈ ಮುಗಿಯುತ್ತಿದ್ದರು. ಹಾಗಾಗಿ ಬಯ್ಯಲು ಪುರುಸೊತ್ತಾಗಲಿಲ್ಲ. ಹೇಗಾದರಾಗಲಿ, ಇವತ್ತು ನಡುಮಣೆ ತನ್ನದೇ ಎಂದು ಅವನ ಮನಸ್ಸು ಗಟ್ಟಿಯಾಗಿ ಹೇಳುತ್ತಿತ್ತು.

ದ್ಯಾಮಮ್ಮನ ಮನೆಯಲ್ಲಿ ಹೋಳಿಗೆಯ ಘಮ ಬೀದಿಗೇ ಬರುತ್ತಿತ್ತು. ಬೆನಕಪ್ಪ ಕೈಕಾಲು ತೊಳೆದು, ಗಂಟಲು ಸರಿಮಾಡಿಕೊಂಡು ಪಡಸಾಲೆಗೆ ಕಾಲಿಟ್ಟ. ನೋಡುತ್ತಾನೆ, ದೊಡ್ಡಳಿಯ ಪರಮಶಿವಪ್ಪ ನಡುಮಣೆ ಬಿಟ್ಟು ಪಕ್ಕಕ್ಕೆ ಸರಿದು ಕೂತಿದ್ದಾನೆ. ಹಿತ್ತಾಳೆ ಕಟ್ಟಿನ ಮಣೆಗೆ ರಂಗೋಲಿ ಹಾಕಿದೆ. ಅದರ ಮೇಲೆ ತಾಂಬಾಳ, ತಾಂಬಾಳದಲ್ಲಿ ಗುಂಡಿಯ ಕಂಠಿಹಾರ, ಓಲೆ, ಡಾಬು, ಪಕ್ಕದಲ್ಲಿ ಅರಿಸಿನ ಕುಂಕುಮ.

“ನೋಡೋಕೆ ಊರೋರು ಬರ್ತಾರಲ್ಲ ಅಳಿಯಂದ್ರೆ, ಅದಕ್ಕೇ ಅಲ್ಲಿಟ್ಟಿದೀನಿ,” ಎಂದಳು ದ್ಯಾಮಮ್ಮ. “ನೀವು ನಿಮ್ಮ ಮಣೆ ಮೇಲೆ ಕೂತ್ಕೊಳಿ.”

ಬೆನಕಪ್ಪ ಬಾಗಿಲ ಪಕ್ಕ ಕೂತ. ಎಲೆಗೆ ಹೋಳಿಗೆ ಬಿತ್ತೋ ಇಲ್ಲವೋ, ಹಾರ ನೋಡಲು ನೆರೆಮನೆಯವರು ಬಂದರು. ಎದ್ದು ದಾರಿ ಬಿಟ್ಟ. “ಗುಂಡಿ ನಮ್ಮ ಅಂಗಡೀವು,” ಎಂದ. ಕೂತ. ಮತ್ತೊಬ್ಬರು ಬಂದರು. ಎದ್ದ. “ಗುಂಡಿ ನಮ್ಮ ಅಂಗಡೀವು.” ಎದ್ದೆದ್ದು ಮೊಣಕಾಲು ನೋಯುತ್ತಿದ್ದರೂ ಒಬ್ಬರಿಗೂ ಆ ಮಾತು ಹೇಳದೆ ಬಿಡಲಿಲ್ಲ.

ದ್ಯಾಮಮ್ಮ ತುಪ್ಪದ ಗಿಂಡಿ ಹಿಡಿದು ಬಂದವಳು ಆ ದಿನ ಮೊದಲು ಅವನ ಎಲೆಗೇ ಬಗ್ಗಿಸಿದಳು.

“ಅಳಿಯಂದ್ರೆ, ಬರೋ ವರ್ಷ ನಾನೊಂದು ನವಿಲು ಮಾಡೋಣ ಅಂತಿದೀನಿ. ಗಂಡು ನವಿಲು, ಗರಿ ಇರೋದು. ಹಿಡಿ ಹಿಡಿ ಗುಂಡಿ ಇಲಿ ಕೈಲಿ ಕಳ್ಸೋದು ಬೇಡ. ಡಬ್ಬಾನೇ ತಂದುಬಿಡಿ.”

ಬಾಗಿಲಲ್ಲಿ ಮತ್ತೆ ಯಾರೋ ಕೆಮ್ಮಿದರು. “ಆಗ್ಲಿ ಅತ್ತೆ,” ಎಂದು ಬೆನಕಪ್ಪ ಎದ್ದುನಿಂತು ದಾರಿ ಬಿಟ್ಟ.